ನಾರ್ಮಲ್‌ನಿಂದ ಎಷ್ಟು ದೂರ: ಉಪಗುಂಪುಗಳ ಆಳದ ಲೆಕ್ಕ

ಗುಂಪು ಸಿದ್ಧಾಂತದ ಮೊದಲ ಪಾಠಗಳಲ್ಲೇ ನಾರ್ಮಲ್ ಉಪಗುಂಪು ಬರುತ್ತದೆ. ದೊಡ್ಡ ಗುಂಪಿನ ಯಾವ ಸದಸ್ಯವನ್ನು ಬಳಸಿ ಸಂಯುಗ್ಮ ತೆಗೆದರೂ ತಾನು ತಾನಾಗಿಯೇ ಉಳಿಯುವ ಉಪಗುಂಪು ಅದು. ಕೊಟ್ಟ ಉಪಗುಂಪು ನಾರ್ಮಲ್ ಹೌದೋ ಅಲ್ಲವೋ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಹೌದಾದರೆ ಮುಂದೆ ಭಾಗಲಬ್ಧ ಗುಂಪು, ಹೋಮೋಮಾರ್ಫಿಸಂ ಎಂದು ದಾರಿ ತೆರೆದುಕೊಳ್ಳುತ್ತದೆ. ಅಲ್ಲವಾದರೆ ಪಾಠ ಅಲ್ಲಿಗೇ ಮುಗಿಯುತ್ತದೆ. ಆದರೆ ‘ಅಲ್ಲ’ಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಉಪಗುಂಪುಗಳು ನಾರ್ಮಲ್ ಆಗುವುದಕ್ಕೆ ಒಂದೇ ಹೆಜ್ಜೆ ಹಿಂದಿರುತ್ತವೆ, ಕೆಲವು ಬಹಳ ದೂರದಲ್ಲಿರುತ್ತವೆ. ಆ ದೂರವನ್ನು ಒಂದು ಪೂರ್ಣಾಂಕದಲ್ಲಿ ಹೇಳುವ ಅಳತೆಯೇ ಆಳ. ಕಳೆದ ಎರಡು ದಶಕಗಳಲ್ಲಿ ನಿರೂಪಣಾ ಸಿದ್ಧಾಂತದಲ್ಲಿ ಬೆಳೆದ ಈ ಪ್ರಶ್ನೆ ಎಲ್ಲಿಂದ ಬಂತು, ಎಲ್ಲಿಯವರೆಗೆ ಬಂದಿದೆ, ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಬರಹದ ಉದ್ದೇಶ.

ಗುಂಪಿನ ಪ್ರತಿ ಸದಸ್ಯಕ್ಕೂ ಒಂದು ಮಾತೃಕೆಯನ್ನು ಕೊಟ್ಟು, ಗುಂಪಿನೊಳಗಿನ ಗುಣಾಕಾರವು ಮಾತೃಕೆಗಳ ಗುಣಾಕಾರವಾಗುವಂತೆ ನೋಡಿಕೊಂಡರೆ ಅದು ಆ ಗುಂಪಿನ ನಿರೂಪಣೆ. ಇನ್ನು ಒಡೆಯಲಾಗದ ನಿರೂಪಣೆಗೆ ಅಖಂಡ ಎನ್ನೋಣ. ಸಾಂತ ಗುಂಪೊಂದಕ್ಕೆ ಸಂಮಿಶ್ರ ಸಂಖ್ಯೆಗಳ ಮೇಲೆ ಅಖಂಡ ನಿರೂಪಣೆಗಳ ಸಂಖ್ಯೆ ಸಾಂತ. ಉಳಿದೆಲ್ಲ ನಿರೂಪಣೆಗಳು ಅವುಗಳ ಕೂಡಿಕೆ. ದೊಡ್ಡ ಗುಂಪಿನ ನಿರೂಪಣೆಯನ್ನು ಉಪಗುಂಪಿನ ಸದಸ್ಯಗಳಿಗಷ್ಟೇ ಸೀಮಿತಗೊಳಿಸಿದರೆ ನಿರೂಪಣೆ ಕೆಳಕ್ಕೆ ಇಳಿಯುತ್ತದೆ. ಉಪಗುಂಪಿನ ನಿರೂಪಣೆಯನ್ನು ದೊಡ್ಡ ಗುಂಪಿಗೆ ಏರಿಸುವ ವಿಧಾನವೂ ಇದೆ. 1898ರಲ್ಲಿ ಫ್ರೊಬೇನಿಯಸ್ ಈ ಎರಡನ್ನೂ ಒಂದು ನಿಯಮದಿಂದ ಬೆಸೆದರು: ಕೆಳಗಿನ ಅಖಂಡವೊಂದು ಮೇಲಿನ ಅಖಂಡದ ಇಳಿಕೆಯಲ್ಲಿ ಎಷ್ಟು ಸಲ ಬರುತ್ತದೋ, ಮೇಲಿನದು ಕೆಳಗಿನದರ ಏರಿಕೆಯಲ್ಲಿ ಅಷ್ಟೇ ಸಲ ಬರುತ್ತದೆ. ಹಾಗಾಗಿ ಇಡೀ ಸಂಬಂಧವನ್ನು ಒಂದೇ ಚಿತ್ರದಲ್ಲಿ ಬರೆಯಬಹುದು. ಮೇಲಿನ ಸಾಲಿನಲ್ಲಿ ದೊಡ್ಡ ಗುಂಪಿನ ಅಖಂಡಗಳು, ಕೆಳಗಿನ ಸಾಲಿನಲ್ಲಿ ಉಪಗುಂಪಿನವು, ಒಂದರಲ್ಲಿ ಇನ್ನೊಂದು ಇದ್ದರೆ ನಡುವೆ ಗೆರೆ.

ಈಗ ಕೆಳಗಿನ ಒಂದು ಅಖಂಡದಿಂದ ಹೊರಡಿ. ಮೇಲಕ್ಕೆ ಏರಿಸಿ, ಮತ್ತೆ ಇಳಿಸಿ: ಕೆಳಗಿನ ಸಾಲಿನಲ್ಲಿ ಕೆಲವು ಹೊಸ ಅಖಂಡಗಳು ಸಿಗುತ್ತವೆ. ಇನ್ನೊಮ್ಮೆ ಏರಿಸಿ ಇಳಿಸಿದರೆ ಇನ್ನಷ್ಟು. ಒಂದು ಹಂತ ಮುಟ್ಟಿದ ಮೇಲೆ ಹೊಸದೇನೂ ಸಿಗುವುದಿಲ್ಲ. ಎಲ್ಲಿಂದ ಹೊರಟರೂ ಹೀಗೆ ಕೆ ಸುತ್ತಿನೊಳಗೆ ತಲುಪಬಹುದಾದ್ದನ್ನೆಲ್ಲ ತಲುಪಿದರೆ ಉಪಗುಂಪಿನ ಆಳ ಹೆಚ್ಚೆಂದರೆ 2ಕೆ + 1. ಸಮಸಂಖ್ಯೆಯ ಆಳಕ್ಕೆ ಹೊರಡುವ ಜಾಗ ಬೇರೆ. ಮೇಲಿನ ಯಾವುದೇ ಅಖಂಡವನ್ನು ಇಳಿಸಿದಾಗ ಬರುವ ಘಟಕಗಳೆಲ್ಲವನ್ನೂ ಒಟ್ಟಿಗೆ ಹಿಡಿದು ಹೊರಟು, ಕೆ − 1 ಸುತ್ತಿನೊಳಗೆ ಎಲ್ಲವನ್ನೂ ಮುಟ್ಟಿದರೆ ಆಳ ಹೆಚ್ಚೆಂದರೆ 2ಕೆ. ಈ ಎರಡು ಷರತ್ತುಗಳಲ್ಲಿ ಈಡೇರುವ ಅತಿ ಚಿಕ್ಕ ಸಂಖ್ಯೆಯೇ ಆಳ.

ಆಳ 2 ಎಂದರೇನು? ಮೇಲಿನ ಒಂದು ಅಖಂಡವನ್ನು ಇಳಿಸಿದ ಕೂಡಲೇ, ಅಲ್ಲಿಂದ ತಲುಪಬಹುದಾದ್ದೆಲ್ಲ ಸಿಕ್ಕಿಬಿಟ್ಟಿದೆ ಎಂದರ್ಥ. 1937ರಲ್ಲಿ ಆಲ್ಫ್ರೆಡ್ ಕ್ಲಿಫರ್ಡ್ ಸಾಧಿಸಿದ ಪ್ರಮೇಯ ನಾರ್ಮಲ್ ಉಪಗುಂಪುಗಳ ಬಗ್ಗೆ ಹೇಳುವುದು ಇದನ್ನೇ: ಇಳಿಸಿದಾಗ ಬರುವ ಘಟಕಗಳು ಪರಸ್ಪರ ಸಂಯುಗ್ಮಗಳ ಒಂದು ಪೂರ್ಣ ಕಕ್ಷೆ. ಹಾಗಾಗಿ ನಾರ್ಮಲ್ ಉಪಗುಂಪಿನ ಆಳ 2ನ್ನು ಮೀರುವುದಿಲ್ಲ. ಅದರ ವಿಲೋಮವೂ ನಿಜ, ಅಂದರೆ ಆಳ 2ರೊಳಗೆ ಇದ್ದರೆ ಉಪಗುಂಪು ನಾರ್ಮಲ್ ಆಗಲೇಬೇಕು. ಇದನ್ನು 2006ರಲ್ಲಿ ಲಾರ್ಸ್ ಕ್ಯಾಡಿಸನ್ ಮತ್ತು ಬರ್ಕ್‌ಹಾರ್ಡ್ ಕ್ಯೂಲ್ಸ್‌ಹಾಮರ್ ತೋರಿಸಿದರು. ನಾಲ್ಕು ವರ್ಷಗಳ ನಂತರ ರಾಬರ್ಟ್ ಬೋಲ್ಟ್‌ಯೆ ಮತ್ತು ಕ್ಯೂಲ್ಸ್‌ಹಾಮರ್, ಸಂಮಿಶ್ರ ಸಂಖ್ಯೆಗಳ ಬದಲು ಯಾವ ಕಮ್ಯುಟೇಟಿವ್ ರಿಂಗ್ ತೆಗೆದುಕೊಂಡರೂ ಇದು ನಿಲ್ಲುತ್ತದೆ ಎಂದು ಸಾಧಿಸಿದರು. ಇಡೀ ವಿಷಯದ ಬುನಾದಿ ಇದು. ಸದಸ್ಯಗಳನ್ನು ಮುಟ್ಟದೆ, ನಿರೂಪಣೆಗಳ ಏರಿಳಿತವನ್ನಷ್ಟೇ ನೋಡಿ ನಾರ್ಮಲ್ ಎಂಬ ಗುಣವನ್ನು ಗುರುತಿಸಬಹುದು. ಹಾಗಾದ ಮೇಲೆ ಮೂರು, ನಾಲ್ಕು, ಐದು ಎಂಬ ಆಳಗಳೂ ಉಪಗುಂಪಿನ ಬಗ್ಗೆ ಏನನ್ನೋ ಹೇಳುತ್ತಿರಬೇಕು.

ಏನು ಹೇಳುತ್ತವೆ ಎಂಬುದಕ್ಕೆ ನಾಲ್ಕು ವಸ್ತುಗಳ ಎಲ್ಲ ಕ್ರಮಯೋಜನೆಗಳ ಗುಂಪಾದ ಎಸ್₄ ಒಂದೇ ಸಾಕು. 24 ಸದಸ್ಯಗಳ ಈ ಪುಟ್ಟ ಗುಂಪಿನಲ್ಲಿ 1ರಿಂದ 5ರವರೆಗಿನ ಎಲ್ಲ ಆಳಗಳೂ ಸಿಗುತ್ತವೆ. ಏಕಾಂಶವೊಂದೇ ಇರುವ ಉಪಗುಂಪಿನ ಆಳ 1. ಎರಡೆರಡು ಜೋಡಿಗಳನ್ನು ಅದಲುಬದಲು ಮಾಡುವ ನಾಲ್ಕು ಸದಸ್ಯಗಳ ಕ್ಲೈನ್ ಉಪಗುಂಪು ನಾರ್ಮಲ್. ಅದರ ಆಳ 2. ಮೂರು ವಸ್ತುಗಳನ್ನು ಚಕ್ರವಾಗಿ ತಿರುಗಿಸುವ ಮೂರು ಸದಸ್ಯಗಳ ಉಪಗುಂಪಿನ ಆಳ 3. ಮುಂದಿನ ಎರಡನ್ನು ಹತ್ತಿರದಿಂದ ನೋಡಬೇಕು.

ಚೌಕವೊಂದರ ಎಂಟು ಸಮ್ಮಿತಿಗಳ ಗುಂಪು ಎಸ್₄ರೊಳಗೆ ಕೂರುತ್ತದೆ, ಚೌಕದ ನಾಲ್ಕು ಮೂಲೆಗಳನ್ನೇ ನಾಲ್ಕು ವಸ್ತುಗಳೆಂದು ಎಣಿಸಿದರೆ ಸಾಕು. ಅದಕ್ಕೆ ಐದು ಅಖಂಡಗಳಿವೆ. ಒಂದು ಆಯಾಮದವು ನಾಲ್ಕು: ಅ, ಆ, ಇ, ಈ. ಎರಡು ಆಯಾಮದ್ದು ಒಂದು: ಉ. ಇಲ್ಲಿ ಅ ಎಂಬುದು ಎಲ್ಲ ಸದಸ್ಯಗಳಿಗೂ 1 ಕೊಡುವ ಕ್ಷುಲ್ಲಕ ನಿರೂಪಣೆ, ಆ ಎಂಬುದು ಕ್ರಮಯೋಜನೆಯ ಚಿಹ್ನೆಯ ಇಳಿಕೆ. ಎಸ್₄ಗೂ ಐದೇ ಅಖಂಡಗಳು; ಆಯಾಮಗಳು 1, 1, 2, 3, 3. ಇಳಿಸಿದಾಗ ಮೊದಲನೆಯದು ಅ ಆಗುತ್ತದೆ, ಎರಡನೆಯದು ಆ, ಮೂರನೆಯದು ಅ ಮತ್ತು ಆ, ನಾಲ್ಕನೆಯದು ಇ ಮತ್ತು ಉ, ಐದನೆಯದು ಈ ಮತ್ತು ಉ. ಚಿತ್ರ ಎರಡು ತುಂಡಾಯಿತು: ಅ, ಆ ಒಂದು ಕಡೆ, ಇ, ಈ, ಉ ಇನ್ನೊಂದು ಕಡೆ. ಇ ಯಿಂದ ಈ ಗೆ ನೇರ ದಾರಿಯಿಲ್ಲ, ಉ ಮೂಲಕ ಎರಡು ಸುತ್ತು ಬೇಕು. ಹಾಗಾಗಿ ಆಳ 3 ಅಲ್ಲ. ಆದರೆ ಮೇಲಿನ ಯಾವ ಅಖಂಡದ ಘಟಕಗಳನ್ನು ಒಟ್ಟಿಗೆ ಹಿಡಿದು ಹೊರಟರೂ ಒಂದೇ ಸುತ್ತಿನಲ್ಲಿ ಆ ತುಂಡೆಲ್ಲ ಮುಗಿಯುತ್ತದೆ. ಆಳ 4.

ಇನ್ನೊಂದು, ನಾಲ್ಕನೆಯ ವಸ್ತುವನ್ನು ಕದಲಿಸದೆ ಉಳಿದ ಮೂರನ್ನು ಆಡಿಸುವ ಎಸ್₃. ಸಿಮೆಟ್ರಿಕ್ ಗುಂಪುಗಳ ಅಖಂಡಗಳಿಗೆ ಆಲ್ಫ್ರೆಡ್ ಯಂಗ್ ಕೊಟ್ಟ ಪೆಟ್ಟಿಗೆಗಳ ಚಿತ್ರಗಳಿವೆ. ಮೂರು ಪೆಟ್ಟಿಗೆಗಳನ್ನು ಎಡಕ್ಕೆ ಒತ್ತಿ, ಕೆಳಗಿನ ಸಾಲು ಮೇಲಿನದಕ್ಕಿಂತ ಉದ್ದವಾಗದಂತೆ ಜೋಡಿಸಲು ಮೂರು ಬಗೆ: ಅಡ್ಡ ಒಂದೇ ಸಾಲು, ಎರಡು-ಒಂದು, ಉದ್ದಕ್ಕೆ ಒಂದೇ ಕಂಬ. ಏರಿಸುವುದೆಂದರೆ ಒಂದು ಪೆಟ್ಟಿಗೆ ಸೇರಿಸುವುದು, ಇಳಿಸುವುದೆಂದರೆ ಒಂದನ್ನು ತೆಗೆಯುವುದು. ಆದ್ದರಿಂದ ಒಂದು ಸುತ್ತಿನಲ್ಲಿ ಹೆಚ್ಚೆಂದರೆ ಒಂದು ಪೆಟ್ಟಿಗೆ ಜಾಗ ಬದಲಿಸುತ್ತದೆ. ಅಡ್ಡ ಸಾಲನ್ನು ಕಂಬವನ್ನಾಗಿ ಮಾಡಲು ಎರಡು ಪೆಟ್ಟಿಗೆಗಳು ಕದಲಬೇಕು, ಎರಡು ಸುತ್ತು. ಕ್ಷುಲ್ಲಕ ನಿರೂಪಣೆಯ ಇಳಿಕೆ ಅಡ್ಡ ಸಾಲು ಒಂದೇ ಆದ್ದರಿಂದ ಆಳ 4ರ ಷರತ್ತೂ ಮುರಿಯುತ್ತದೆ. ಆಳ 5.

ಇದೇ ವಾದ ಎಲ್ಲ ಸಿಮೆಟ್ರಿಕ್ ಗುಂಪುಗಳಿಗೂ ಹರಿಯುತ್ತದೆ. ಎನ್ + 1 ವಸ್ತುಗಳ ಗುಂಪಿನೊಳಗೆ ಎನ್ ವಸ್ತುಗಳ ಗುಂಪನ್ನು ಇಟ್ಟರೆ, ಅಡ್ಡ ಸಾಲಿನಿಂದ ಕಂಬಕ್ಕೆ ಎನ್ − 1 ಪೆಟ್ಟಿಗೆಗಳು ಸಾಗಬೇಕು. ಆಳ 2ಎನ್ − 1. ಸೆಬಾಸ್ಟಿಯನ್ ಬುರ್ಚು, ಕ್ಯಾಡಿಸನ್, ಕ್ಯೂಲ್ಸ್‌ಹಾಮರ್ 2011ರಲ್ಲಿ ಪ್ರಕಟಿಸಿದ, ಈ ಕ್ಷೇತ್ರಕ್ಕೆ ಅಡಿಪಾಯದಂತಿರುವ ಲೇಖನದ ಮುಖ್ಯ ಫಲಿತಾಂಶಗಳಲ್ಲಿ ಇದು ಒಂದು. ಆ ಲೇಖನದ ಅನುಬಂಧದಲ್ಲಿ ಸುಸಾನ್ ಡಾನ್ಜ್ ಮತ್ತು ಕ್ಯೂಲ್ಸ್‌ಹಾಮರ್ ಸಮ ಕ್ರಮಯೋಜನೆಗಳಷ್ಟೇ ಇರುವ ಆಲ್ಟರ್ನೇಟಿಂಗ್ ಗುಂಪುಗಳ ಆಳವನ್ನೂ ಕಂಡುಹಿಡಿದರು. ನನಗೆ ಇಡೀ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸೂತ್ರ ಅದು. ಎನ್‌ನಿಂದ, ಎನ್‌ನ ವರ್ಗಮೂಲವನ್ನು ಮುಂದಿನ ಪೂರ್ಣಾಂಕಕ್ಕೆ ಏರಿಸಿ ಕಳೆಯಿರಿ. ಉಳಿದದ್ದನ್ನು ಇಮ್ಮಡಿಸಿ 1 ಕೂಡಿಸಿ.

ಗುಂಪುಗಳ ಲೆಕ್ಕದ ನಡುವೆ ವರ್ಗಮೂಲ ಎಲ್ಲಿಂದ ಬಂತು? ಆಲ್ಟರ್ನೇಟಿಂಗ್ ಗುಂಪಿಗೆ ಇಳಿದಾಗ ಪೆಟ್ಟಿಗೆಯ ಚಿತ್ರಕ್ಕೂ ಅದರ ಕನ್ನಡಿ ಬಿಂಬಕ್ಕೂ, ಅಂದರೆ ಅಡ್ಡ ಸಾಲುಗಳನ್ನು ಕಂಬಗಳನ್ನಾಗಿ ಮಾಡಿದ ಚಿತ್ರಕ್ಕೂ, ವ್ಯತ್ಯಾಸ ಅಳಿಸಿಹೋಗುತ್ತದೆ. ಅಡ್ಡ ಸಾಲು ಮತ್ತು ಕಂಬ ಈಗ ಒಂದೇ. ಹಾಗಾದರೆ ಅಡ್ಡ ಸಾಲಿನಿಂದ ಅತಿ ದೂರ ಇರುವುದು ಯಾವುದು? ಸಾಲಿನಿಂದಲೂ ಕಂಬದಿಂದಲೂ ಸಮನಾಗಿ ದೂರವಿರುವ ಚಿತ್ರ, ಅಂದರೆ ಚೌಕ ಅಥವಾ ಚೌಕಕ್ಕೆ ಅತಿ ಹತ್ತಿರದ ಆಕಾರ. 100 ಪೆಟ್ಟಿಗೆಗಳಿದ್ದರೆ ಹತ್ತು ಹತ್ತರ ಚೌಕ. ಅದರ ಮೊದಲ ಸಾಲಿನ ಹತ್ತು ಪೆಟ್ಟಿಗೆಗಳು ಇದ್ದಲ್ಲೇ ಇರಬಹುದು, ಉಳಿದ 90 ಕದಲಬೇಕು. ಆಳ 181. ಸಿಮೆಟ್ರಿಕ್ ಗುಂಪಿನಲ್ಲಿ ಇದೇ ಜಾಗದ ಸಂಖ್ಯೆ 199. ನಾರ್ಮಲ್‌ನಿಂದ ಇರುವ ದೂರವನ್ನು ಒಂದು ಚೌಕದ ಬದಿ ನಿರ್ಧರಿಸುತ್ತದೆ ಎಂಬುದು ಯಾವ ಸಾಮಾನ್ಯ ಪ್ರಮೇಯದಿಂದಲೂ ಮೊದಲೇ ಊಹಿಸಲಾಗದ ಸಂಗತಿ.

ಇಷ್ಟರ ಮೇಲೆ ಇದರ ಮೂಲಕ್ಕೆ ಹೋಗೋಣ, ಏಕೆಂದರೆ ಈ ಅಳತೆ ಸಾಂತ ಗುಂಪುಗಳ ಮನೆಯಲ್ಲಿ ಹುಟ್ಟಿದ್ದಲ್ಲ. 1983ರಲ್ಲಿ ನ್ಯೂಜಿಲೆಂಡ್ ಮೂಲದ ವಾನ್ ಜೋನ್ಸ್, ಫಾನ್ ನಾಯ್ಮನ್ ಆಲ್ಜೀಬ್ರಾಗಳ ಒಂದು ವರ್ಗವಾದ ಫ್ಯಾಕ್ಟರ್‌ಗಳಲ್ಲಿ ಒಂದರೊಳಗೊಂದು ಕೂತ ಜೋಡಿಗಳಿಗೆ ಸೂಚ್ಯಂಕವನ್ನು ವ್ಯಾಖ್ಯಾನಿಸಿದರು. ಆ ಸೂಚ್ಯಂಕ 4ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಬೇಕಾದ ಬೆಲೆ ತಾಳುವ ಸ್ವಾತಂತ್ರ್ಯವಿಲ್ಲ. 1, 2, ಸುಮಾರು 2.618, 3 ಎಂದು ಬಿಡಿಬಿಡಿಯಾದ ಮೆಟ್ಟಿಲುಗಳಷ್ಟೇ. ಜೋನ್ಸ್‌ರ ಕ್ರಮದಲ್ಲಿ ಒಂದು ಜೋಡಿಯಿಂದ ಮುಂದಿನ ಆಲ್ಜೀಬ್ರಾ, ಅದರಿಂದ ಅದರ ಮುಂದಿನದು ಎಂದು ಗೋಪುರವೊಂದು ಏಳುತ್ತದೆ. ಪ್ರತಿ ಮಜಲಿನಲ್ಲೂ ಹಿಂದಿನ ಮಜಲಿನ ಪ್ರತಿಬಿಂಬವಿರುತ್ತದೆ, ಜೊತೆಗೆ ಸ್ವಲ್ಪ ಹೊಸದು. ಹೊಸದು ಸೇರುವುದು ಯಾವ ಮಜಲಿನಲ್ಲಿ ನಿಲ್ಲುತ್ತದೆ ಎಂಬುದೇ ಆಳ. ಏಡ್ರಿಯನ್ ಒಕ್ನಿಯಾನು, ಸೊರಿನ್ ಪೋಪಾ ಮುಂತಾದವರು ಇದನ್ನು ಸಬ್‌ಫ್ಯಾಕ್ಟರ್‌ಗಳ ವರ್ಗೀಕರಣದ ಮುಖ್ಯ ಸಾಧನವಾಗಿಸಿದರು. ಗುಡ್‌ಮನ್, ದ ಲಾ ಹಾರ್ಪ್ ಮತ್ತು ಜೋನ್ಸ್ 1989ರಲ್ಲಿ ಹೊರತಂದ ಪುಸ್ತಕದ ಮೂಲಕ ಅದು ಮಾತೃಕೆಗಳ ಭಾಷೆಯಲ್ಲಿ ಬೀಜಗಣಿತದವರ ಕೈಗೂ ಸಿಕ್ಕಿತು.

ಆಳ 2ರ ಮಹತ್ವ ಅಲ್ಲಿಯೇ ಹೊರಬಿದ್ದಿತ್ತು. ಸಾಂತ ಸೂಚ್ಯಂಕದ, ಆಳ 2ರ ಇರ್ರೆಡ್ಯೂಸಿಬಲ್ ಸಬ್‌ಫ್ಯಾಕ್ಟರ್ ಇದ್ದರೆ ಅದರ ಹಿಂದೆ ಒಂದು ಕಾಟ್ಸ್ ಆಲ್ಜೀಬ್ರಾದ, ಅಂದರೆ ಗುಂಪಿನ ಒಂದು ಕ್ವಾಂಟಮ್ ರೂಪದ, ಕ್ರಿಯೆ ಇದ್ದೇ ಇರುತ್ತದೆ. ಒಕ್ನಿಯಾನು ಘೋಷಿಸಿದ ಇದಕ್ಕೆ 1990ರ ದಶಕದಲ್ಲಿ ಶಿಮಾನ್ಸ್ಕಿ, ಲೊಂಗೊ ಮುಂತಾದವರು ಸಾಧನೆ ಕೊಟ್ಟರು. ಈ ಕಥೆಗೆ ನಮ್ಮ ಕಡೆಯ ಒಂದು ಪುಟವೂ ಉಂಟು. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯಲ್ಲಿದ್ದ ವಿ. ಎಸ್. ಸುಂದರ್, ಜೋನ್ಸ್ ಜೊತೆಗೂಡಿ 1997ರಲ್ಲಿ ಸಬ್‌ಫ್ಯಾಕ್ಟರ್‌ಗಳಿಗೆ ಪ್ರವೇಶಿಕೆಯಾದ ಪುಸ್ತಕ ಬರೆದರು. ಒಂದು ಗುಂಪು ಮತ್ತು ಉಪಗುಂಪಿನಿಂದ ಹುಟ್ಟುವ ಸಬ್‌ಫ್ಯಾಕ್ಟರ್ ಬಗ್ಗೆ ಸುಂದರ್ ಅವರೂ ವಿಜಯ್ ಕೊಡಿಯಾಲಂ ಅವರೂ 2000ದಲ್ಲಿ ಬರೆದರು. 2003ರಲ್ಲಿ ಅವರಿಬ್ಬರು ಮತ್ತು ಜೆಫ್ ಲ್ಯಾಂಡೌ ಕಾಟ್ಸ್ ಆಲ್ಜೀಬ್ರಾದ ಪ್ಲೇನಾರ್ ಆಲ್ಜೀಬ್ರಾವನ್ನು, ಅಂದರೆ ಆಳ 2ರ ಜಗತ್ತನ್ನು, ಚಿತ್ರಗಳ ಭಾಷೆಯಲ್ಲಿ ಬಿಡಿಸಿಟ್ಟ ಲೇಖನ ಪ್ರಕಟವಾದದ್ದು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಹೊರತರುವ ಪತ್ರಿಕೆಯಲ್ಲಿ.

ವಿಶ್ಲೇಷಣೆಯ ಕಡೆಯಿಂದ ಇದನ್ನು ಶುದ್ಧ ಬೀಜಗಣಿತಕ್ಕೆ ತಂದದ್ದರಲ್ಲಿ ಕ್ಯಾಡಿಸನ್ ಪಾಲು ದೊಡ್ಡದು. 2001ರಲ್ಲಿ ಡಿಮಿಟ್ರಿ ನಿಕ್ಷಿಚ್ ಜೊತೆ, 2003ರಲ್ಲಿ ಕೊರ್ನೆಲ್ ಸ್ಲಾಚಾನಿ ಜೊತೆ ಅವರು ಬರೆದ ಲೇಖನಗಳು ಆಳ 2ನ್ನು ಯಾವುದೇ ರಿಂಗ್ ಜೋಡಿಗೂ ಅರ್ಥವಾಗುವಂತೆ ಮಾಡಿದವು. ದೊಡ್ಡ ರಿಂಗನ್ನು ಚಿಕ್ಕದರ ಮೇಲೆ ತನ್ನೊಂದಿಗೆ ತಾನೇ ಟೆನ್ಸರ್ ಗುಣಿಸುತ್ತ ಹೋಗಬೇಕು: ಒಮ್ಮೆ, ಎರಡು ಸಲ, ಮೂರು ಸಲ. ಪ್ರತಿ ಬಾರಿ ಸಿಗುವುದನ್ನು ಚಿಕ್ಕ ರಿಂಗ್ ಎರಡೂ ಬದಿಯಿಂದ ವರ್ತಿಸುವ ಬೈಮಾಡ್ಯೂಲ್ ಎಂದು ನೋಡಬೇಕು. ಒಂದು ಹಂತದಲ್ಲಿ ಬಂದದ್ದು ಹಿಂದಿನ ಹಂತದ ಕೆಲವು ಪ್ರತಿಗಳ ಕೂಡಿಕೆಯ ಭಾಗವೇ ಆಗಿದ್ದರೆ ಅಲ್ಲಿಗೆ ಆಳ ಸಿಕ್ಕಿತು. ಒಂದು ಬದಿಯಲ್ಲಿ ದೊಡ್ಡ ರಿಂಗ್ ವರ್ತಿಸಲು ಬಿಟ್ಟರೆ ಸಮ ಆಳ. ಅಖಂಡಗಳ ಪಟ್ಟಿಯೇ ಬೇಡದ ವ್ಯಾಖ್ಯಾನವಾದ್ದರಿಂದ ಇದು ಅವಿಭಾಜ್ಯ ಕ್ಯಾರೆಕ್ಟರಿಸ್ಟಿಕ್‌ನ ಕ್ಷೇತ್ರಗಳಿಗೂ, ಪೂರ್ಣಾಂಕಗಳಿಗೂ, ಹಾಪ್ ಆಲ್ಜೀಬ್ರಾಗಳಿಗೂ ಸಲ್ಲುತ್ತದೆ.

ವ್ಯಾಖ್ಯಾನ ವಿಶಾಲವಾದಷ್ಟೂ ಲೆಕ್ಕ ಕಷ್ಟ. ಅಲ್ಲಿ ಕೈಹಿಡಿಯುವುದು ಒಂದು ಸರಳವಾದ, ಆದರೆ ಬಲವಾದ ಸಂಗತಿ. ಉಪಗುಂಪಿನ ಸಂಯುಗ್ಮಗಳೆಲ್ಲದರ ಛೇದನಕ್ಕೆ ತಿರುಳು ಎನ್ನೋಣ. ಅದು ಉಪಗುಂಪಿನೊಳಗಿನ ಅತಿ ದೊಡ್ಡ ನಾರ್ಮಲ್ ಭಾಗ. ಎಂ ಸಂಯುಗ್ಮಗಳ ಛೇದನದಲ್ಲೇ ತಿರುಳು ಸಿಕ್ಕಿಬಿಟ್ಟರೆ ಆಳ 2ಎಂ ಮೀರದು. ಆ ತಿರುಳು ದೊಡ್ಡ ಗುಂಪಿನ ಕೇಂದ್ರದೊಳಗೆ ಇದ್ದರೆ 2ಎಂ − 1 ಮೀರದು. ಚೌಕದ ಎಂಟು ಸಮ್ಮಿತಿಗಳಿಗೆ ಹಿಂದಿರುಗಿ: ಅದರ ಎರಡು ಸಂಯುಗ್ಮಗಳ ಛೇದನವೇ ಕ್ಲೈನ್ ಉಪಗುಂಪು, ತಿರುಳೂ ಅದೇ. ಆದ್ದರಿಂದ ಆಳ 4ರೊಳಗೆ. ಮೂರು ಸದಸ್ಯಗಳ ಚಕ್ರಕ್ಕೆ ಎರಡೇ ಸಂಯುಗ್ಮಗಳಲ್ಲಿ ಛೇದನ ಏಕಾಂಶಕ್ಕೆ ಇಳಿಯುತ್ತದೆ, ಆದ್ದರಿಂದ 3ರೊಳಗೆ. ನಾರ್ಮಲ್ ಅಲ್ಲವಾದ್ದರಿಂದ ಸರಿಯಾಗಿ 3. ಚಿಕ್ಕ ಉಪಗುಂಪೆಂದರೆ ನಾರ್ಮಲ್‌ನಿಂದ ಹೆಚ್ಚು ದೂರ ಎಂದು ಅನಿಸುವುದು ಸಹಜ. ಇಲ್ಲಿ ನಡೆಯುವುದು ಬಹುಮಟ್ಟಿಗೆ ಉಲ್ಟಾ. ಚಿಕ್ಕವು ತಮ್ಮ ಸಂಯುಗ್ಮಗಳಿಂದ ಬೇಗ ಬೇರ್ಪಡುತ್ತವೆ, ಆಳ 3ರಲ್ಲೇ ನಿಲ್ಲುತ್ತವೆ. ದೊಡ್ಡವೇ ಆಳಕ್ಕೆ ಹೋಗುವುದು. ಒಳಗೊಳ್ಳುವಿಕೆಗೂ ಆಳಕ್ಕೂ ನೇರ ನಂಟಿಲ್ಲ: ಆಳ 2ರ ಕ್ಲೈನ್ ಉಪಗುಂಪು ಆಳ 4ರ ಚೌಕ ಗುಂಪಿನೊಳಗಿದೆ, ಕ್ಲೈನ್ ಉಪಗುಂಪಿನೊಳಗಿನ ಎರಡು ಸದಸ್ಯಗಳ ತುಂಡಿನ ಆಳ ಮಾತ್ರ 3.

ಈ ಛೇದನದ ಮಾತು ಕ್ರಮಯೋಜನಾ ಗುಂಪುಗಳ ಹಳೆಯ ಪ್ರಶ್ನೆಯೊಂದಕ್ಕೆ ಬಾಗಿಲು ತೆರೆಯಿತು. ಗುಂಪೊಂದು ಕೆಲವು ಬಿಂದುಗಳ ಮೇಲೆ ವರ್ತಿಸುವಾಗ, ಎಷ್ಟು ಬಿಂದುಗಳನ್ನು ಕದಲದಂತೆ ಹಿಡಿದರೆ ಏಕಾಂಶ ಬಿಟ್ಟು ಬೇರೇನೂ ಉಳಿಯುವುದಿಲ್ಲ? ಆ ಕನಿಷ್ಠ ಸಂಖ್ಯೆಗೆ ಬೇಸ್ ಗಾತ್ರ ಎನ್ನುತ್ತಾರೆ. ಒಂದು ಬಿಂದುವನ್ನು ಕದಲಿಸದ ಸದಸ್ಯಗಳ ಉಪಗುಂಪಿನ ಆಳ, ಬೇಸ್ ಗಾತ್ರದ ಇಮ್ಮಡಿಗಿಂತ ಒಂದು ಕಡಿಮೆ ಎಂಬ ಮಿತಿಯೊಳಗೆ ಇರಲೇಬೇಕು. ಬೇಸ್ ಬಗ್ಗೆ ದಶಕಗಳಿಂದ ಕೂಡಿಟ್ಟ ಜ್ಞಾನವೆಲ್ಲ ಹೀಗೆ ಆಳದ ಜ್ಞಾನವಾಗುತ್ತದೆ. ಆಕೋಶ್ ಶೆರೆಶ್ 1996ರಲ್ಲಿ, ಪರಿಹಾರ್ಯ ಗುಂಪುಗಳ ಪ್ರಿಮಿಟಿವ್ ಕ್ರಿಯೆಗಳಲ್ಲಿ ಬೇಸ್ ಗಾತ್ರ 4 ಮೀರದು ಎಂದು ಸಾಧಿಸಿದ್ದರು. ಹಾಗಾಗಿ ಅಲ್ಲಿನ ಬಿಂದು ಉಪಗುಂಪುಗಳ ಆಳ 7 ಮೀರದು. ಪೀಟರ್ ಕ್ಯಾಮರನ್ ಊಹಿಸಿ, ಟಿಮ್ ಬರ್ನೆಸ್, ಮಾರ್ಟಿನ್ ಲೀಬೆಕ್, ಏನರ್ ಶಲೆವ್ ಮುಂತಾದವರು ಪೂರ್ತಿಗೊಳಿಸಿದ ಪ್ರಮೇಯ ಇನ್ನೂ ಅಚ್ಚರಿಯದು. ಸರಳ ಗುಂಪುಗಳಿಗೆ ತೀರ ಹತ್ತಿರವಿರುವ ಆಲ್ಮೋಸ್ಟ್ ಸಿಂಪಲ್ ಗುಂಪುಗಳ ಪ್ರಿಮಿಟಿವ್ ಕ್ರಿಯೆಗಳಲ್ಲಿ, ಎದ್ದುಕಾಣುವ ಕೆಲವು ಸಾಂಪ್ರದಾಯಿಕ ಕುಟುಂಬಗಳನ್ನು ಬಿಟ್ಟರೆ, ಬೇಸ್ ಗಾತ್ರ 7ನ್ನು ಮೀರುವುದೇ ಇಲ್ಲ. 7 ಬರುವುದು ಒಂದೇ ಕಡೆ, 24 ಬಿಂದುಗಳ ಮೇಲೆ ವರ್ತಿಸುವ ಮಾತ್ಯು ಗುಂಪು ಎಂ₂₄ರಲ್ಲಿ. ಗುಂಪು ಎಷ್ಟೇ ದೈತ್ಯವಾಗಿರಲಿ, ಅಂಥ ಉಪಗುಂಪಿನ ಆಳ 13ರೊಳಗೇ. ಈಚಿನ ವರ್ಷಗಳಲ್ಲಿ ಬ್ರಿಸ್ಟಲ್‌ನ ಬರ್ನೆಸ್ ಇದೇ ಉಪಕರಣಗಳನ್ನು ಹಿಡಿದು ಸರಳ ಗುಂಪುಗಳ ಉಪಗುಂಪುಗಳ ಆಳವನ್ನು ವ್ಯಾಪಕವಾಗಿ ಲೆಕ್ಕಹಾಕಿದ್ದಾರೆ. ಅದಕ್ಕೂ ಮುಂಚೆ ಫ್ರಿಟ್ಷೆ ಎರಡು ಆಯಾಮದ ಪ್ರೊಜೆಕ್ಟಿವ್ ಸ್ಪೆಷಲ್ ಲೀನಿಯರ್ ಗುಂಪುಗಳನ್ನೂ, ಬುಡಾಪೆಸ್ಟ್‌ನ ಎರ್ಜೆಬೆತ್ ಹೋರ್ವಾತ್ ಮತ್ತು ಸಂಗಡಿಗರು ಸುಜುಕಿ, ರೀ ಗುಂಪುಗಳನ್ನೂ ಒಂದೊಂದಾಗಿ ಮುಗಿಸಿದ್ದರು.

ಮೇಲ್ಮಿತಿಯೇ ಆಳ ಎಂದು ಮಾತ್ರ ಭಾವಿಸಬಾರದು. ಸಿಮೆಟ್ರಿಕ್ ಗುಂಪಿನಲ್ಲಿ ಎರಡೂ ಒಂದೇ. ಆಲ್ಟರ್ನೇಟಿಂಗ್‌ನಲ್ಲಿ 100ಕ್ಕೆ ಛೇದನ ಕೊಡುವ ಮಿತಿ 197, ನಿಜವಾದ ಆಳ 181. ಛೇದನಕ್ಕೆ ಚೌಕ ಕಾಣುವುದಿಲ್ಲ, ನಿರೂಪಣೆಗಳಿಗೆ ಕಾಣುತ್ತದೆ. ಈ ಅಂತರವೇ ವಿಷಯದ ಹೃದಯ ಎಂದು ನನ್ನ ಅಭಿಪ್ರಾಯ. ಬೋಲ್ಟ್‌ಯೆ, ಡಾನ್ಜ್, ಕ್ಯೂಲ್ಸ್‌ಹಾಮರ್ 2011ರಲ್ಲಿ ಇದನ್ನು ವ್ಯವಸ್ಥಿತವಾಗಿ ಇಟ್ಟರು. ಉಪಗುಂಪಿನ ಸಂಯುಗ್ಮಗಳ ಛೇದನಗಳ ಪಟ್ಟಿ ಯಾವ ಹಂತದಲ್ಲಿ ಬೆಳೆಯುವುದನ್ನು ನಿಲ್ಲಿಸುತ್ತದೆ ಎಂಬುದರಿಂದ ಅವರು ಕಾಂಬಿನೇಟೋರಿಯಲ್ ಆಳವನ್ನು ವ್ಯಾಖ್ಯಾನಿಸಿದರು. ಸಂಮಿಶ್ರ ಸಂಖ್ಯೆಗಳ ಮೇಲಿನ ಆಳ ಎಲ್ಲಕ್ಕಿಂತ ಕೆಳಗೆ, ಅವಿಭಾಜ್ಯ ಕ್ಯಾರೆಕ್ಟರಿಸ್ಟಿಕ್‌ನ ಕ್ಷೇತ್ರದ ಮೇಲಿನದು ಅದರ ಮೇಲೆ, ಪೂರ್ಣಾಂಕಗಳ ಮೇಲಿನದು ಇನ್ನೂ ಮೇಲೆ, ಕಾಂಬಿನೇಟೋರಿಯಲ್ ಆಳ ಎಲ್ಲಕ್ಕೂ ಮೇಲೆ. ಪಕ್ಕಪಕ್ಕದವು ಸಮವಾಗಿಯೂ ಇರಬಹುದು. ಕ್ಷೇತ್ರದ ಮೇಲಿನ ಆಳ ಆ ಕ್ಷೇತ್ರದ ಕ್ಯಾರೆಕ್ಟರಿಸ್ಟಿಕ್‌ನಿಂದಷ್ಟೇ ನಿರ್ಧಾರವಾಗುತ್ತದೆ. ಕಾಂಬಿನೇಟೋರಿಯಲ್ ಆಳ, ಉಪಗುಂಪಿನ ನಾರ್ಮಲೈಜರ್‌ನ ಸೂಚ್ಯಂಕದ ಇಮ್ಮಡಿಯನ್ನು ಮೀರುವುದಿಲ್ಲ. ಅಂದಮೇಲೆ ಸಾಂತ ಗುಂಪುಗಳಲ್ಲಿ ಯಾವ ರಿಂಗ್ ಹಿಡಿದರೂ ಆಳ ಸಾಂತವೇ. ನಾರ್ಮಲ್ ಆಗಿದ್ದಾಗ ಎಲ್ಲ ಅಳತೆಗಳೂ 2ರೊಳಗೆ ಒಟ್ಟಿಗೆ ಬಂದು ನಿಲ್ಲುತ್ತವೆ. ಅಲ್ಲಿಂದಾಚೆ ಪ್ರತಿಯೊಂದೂ ತನ್ನ ದಾರಿ ಹಿಡಿಯಬಹುದು.

ಯಾವ ಸಂಖ್ಯೆಗಳು ಆಳವಾಗಿ ಬರಬಲ್ಲವು? ಬೆಸಸಂಖ್ಯೆಗಳಿಗೆ ಸಿಮೆಟ್ರಿಕ್ ಗುಂಪುಗಳೇ ಉತ್ತರ: 3, 5, 7, 9 ಎಂದು ಯಾವುದೂ ತಪ್ಪದೆ ಬರುತ್ತವೆ. ಸಮಸಂಖ್ಯೆಗಳ ವಿಷಯ ಹಾಗಿರಲಿಲ್ಲ. ಲೆಕ್ಕಹಾಕಿದ ಉದಾಹರಣೆಗಳಲ್ಲಿ 2, 4, 6ರ ಆಚೆಗೆ ಸಮ ಆಳ ಕಾಣದಿದ್ದುದರಿಂದ, 6ಕ್ಕಿಂತ ದೊಡ್ಡ ಸಮ ಆಳ ಇದೆಯೇ ಎಂದು ಕ್ಯಾಡಿಸನ್ ಕೇಳಿದ್ದರು. ಹೈದರ್ ಜನಾಬಿ, ಥಾಮಸ್ ಬ್ರೋಯರ್ ಮತ್ತು ಹೋರ್ವಾತ್ ಪ್ರತಿಯೊಂದು ಧನ ಸಮಸಂಖ್ಯೆಗೂ ಅಷ್ಟೇ ಆಳದ ಉಪಗುಂಪನ್ನು ಕಟ್ಟಿ ತೋರಿಸಿ ಆ ಪ್ರಶ್ನೆಯನ್ನು ಮುಗಿಸಿದರು. ಸಮ ಆಳ ವಿರಳವಾಗಿ ಕಾಣುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ತಿರುಳು ಏಕಾಂಶವಷ್ಟೇ ಆಗಿದ್ದರೆ ಕ್ಷುಲ್ಲಕ ನಿರೂಪಣೆಯಿಂದ ಹೊರಡುವ ದಾರಿ ಆಗಾಗ ಅತಿ ಉದ್ದದ ದಾರಿಯಾಗಿರುತ್ತದೆ, ಅದರ ಇಳಿಕೆಯಲ್ಲಿ ಒಂದೇ ಘಟಕ. ಆಗ ಸಮ ಆಳದ ಷರತ್ತಿನಿಂದ ಏನೂ ಲಾಭವಾಗುವುದಿಲ್ಲ. ಚೌಕ ಗುಂಪಿನಲ್ಲಿ ಆಳ 4 ಬಂದದ್ದು ಅದರ ತಿರುಳು ಕ್ಲೈನ್ ಉಪಗುಂಪಾಗಿ, ಚಿತ್ರ ಎರಡಾಗಿ ಒಡೆದದ್ದರಿಂದ.

ಹಾಪ್ ಆಲ್ಜೀಬ್ರಾಗಳಿಗೆ ಬಂದರೆ ನೆಲ ಬದಲಾಗುತ್ತದೆ. ಸಾಂತ ಆಯಾಮದ ಹಾಪ್ ಆಲ್ಜೀಬ್ರಾ ತನ್ನ ಹಾಪ್ ಉಪ-ಆಲ್ಜೀಬ್ರಾದ ಮೇಲೆ ಫ್ರೀ ಮಾಡ್ಯೂಲ್ ಎಂಬ ನಿಕೋಲ್ಸ್–ಜೋಲರ್ ಪ್ರಮೇಯ 1989ರದು. ಗುಂಪುಗಳ ಲಗ್ರಾಂಜ್ ಪ್ರಮೇಯಕ್ಕೆ ಇಲ್ಲಿನ ಸಮಾನ ಅದು. ಉಪ-ಆಲ್ಜೀಬ್ರಾವನ್ನು ಭಾಗಿಸಿದಾಗ ಉಳಿಯುವ ಭಾಗಲಬ್ಧ ಮಾಡ್ಯೂಲನ್ನು ಕ್ಯೂ ಎನ್ನೋಣ. ಕ್ಯೂವನ್ನು ತನ್ನೊಂದಿಗೆ ಟೆನ್ಸರ್ ಗುಣಿಸುತ್ತ ಹೋದಾಗ ಹೊಸ ಅವಿಭಕ್ತ ತುಂಡುಗಳು (ಕೂಡಿಕೆಯಾಗಿ ಇನ್ನು ಬಿಡಿಸಲಾಗದವು) ಬರುವುದು ಯಾವಾಗ ನಿಲ್ಲುತ್ತದೆ ಎಂಬುದೇ ಆಳವನ್ನು ನಿರ್ಧರಿಸುತ್ತದೆ ಎಂದು ಕ್ಯಾಡಿಸನ್ ತೋರಿಸಿದರು. ಗುಂಪುಗಳಲ್ಲಿ ಕ್ಯೂ ಎಂದರೆ ಕೋಸೆಟ್‌ಗಳ ಕ್ರಮಯೋಜನಾ ಮಾಡ್ಯೂಲ್. ಅದರ ಘಾತಗಳಲ್ಲಿ ಕಾಣಿಸುವುದು ಕೋಸೆಟ್‌ಗಳ ಜೋಡಿ, ತ್ರಿವಳಿಗಳ ಕಕ್ಷೆಗಳು; ಅವನ್ನು ಕದಲಿಸದ ಉಪಗುಂಪುಗಳು ಸಂಯುಗ್ಮಗಳ ಛೇದನಗಳೇ. ಸಾಂತ ಗುಂಪಿಗೆ ಉಪಗುಂಪುಗಳು ಸಾಂತ, ಹಾಗಾಗಿ ಪಟ್ಟಿ ಎಲ್ಲೋ ನಿಲ್ಲಲೇಬೇಕು. ಹಾಪ್ ಜಗತ್ತಿನಲ್ಲಿ ಬಿಂದುಗಳಿಲ್ಲ, ಕಕ್ಷೆಗಳಿಲ್ಲ. ಅವಿಭಕ್ತ ಮಾಡ್ಯೂಲ್‌ಗಳು ಸಾಂತವಾಗಿರುವ ಆಲ್ಜೀಬ್ರಾ ಆದರೆ ಆಳ ಸಾಂತ ಎಂದು ಕೂಡಲೇ ಹೇಳಬಹುದು. ಅವು ಅನಂತವಾಗಿದ್ದರೆ ಗುಂಪುಗಳ ವಾದದಲ್ಲಿ ಹಿಡಿಯಲು ಏನೂ ಉಳಿಯುವುದಿಲ್ಲ. ಸಾಂತ ಆಯಾಮದ ಹಾಪ್ ಆಲ್ಜೀಬ್ರಾದಲ್ಲಿ ಪ್ರತಿ ಹಾಪ್ ಉಪ-ಆಲ್ಜೀಬ್ರಾದ ಆಳವೂ ಸಾಂತವೇ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟಿದ್ದು. ಆಲ್ಬರ್ಟೊ ಹೆರ್ನಾಂಡಿಸ್, ಕ್ಯಾಡಿಸನ್ ಮತ್ತು ಸಾಮುಯೆಲ್ ಲೋಪೆಸ್, ಅರ್ಧ ಕ್ವಾಂಟಮ್ ಗುಂಪೊಂದನ್ನು ಅದರ ಡ್ರಿನ್‌ಫೆಲ್ಡ್ ಡಬಲ್‌ನೊಳಗೆ ಇಟ್ಟು ಕ್ಯೂ ಮತ್ತು ಅದರ ವರ್ಗವನ್ನು ಕೊನೆಯ ತುಂಡಿನವರೆಗೆ ಬಿಡಿಸಿದರು. ಎರಡನೆಯ ಘಾತದಲ್ಲೇ ಎಲ್ಲ ಅವಿಭಕ್ತಗಳೂ ಬಂದುಬಿಡುತ್ತವೆ. ಕನಿಷ್ಠ ಸಮ ಆಳ 6. ಇಂಥ ಪೂರ್ಣ ಲೆಕ್ಕಗಳು ಕೈಬೆರಳಲ್ಲಿ ಎಣಿಸುವಷ್ಟಿವೆ. ಈ ವಿಷಯಕ್ಕೆ ಇಂದು ಬೇಕಾಗಿರುವುದು ಇನ್ನೊಂದು ಸಾಮಾನ್ಯೀಕರಣ ಅಲ್ಲ, ಇಂಥ ಇನ್ನಷ್ಟು ಲೆಕ್ಕಗಳು. ಮೇಲ್ಮಿತಿಗಳು ಧಾರಾಳವಾಗಿವೆ, ಚೌಕದಂಥ ಕಾರಣವನ್ನು ಬಯಲಿಗೆ ತರುವುದು ಕೈಯಿಂದ ಮಾಡಿದ ಲೆಕ್ಕ ಮಾತ್ರ.

ಕ್ಯಾರೆಕ್ಟರ್ ಕೋಷ್ಟಕ ಓದಲು ಬರುವ ಎಂ.ಎಸ್ಸಿ. ವಿದ್ಯಾರ್ಥಿಗೆ ಈ ಕೆಲಸ ಎಟುಕದ್ದೇನೂ ಅಲ್ಲ. ಐದು ವಸ್ತುಗಳ ಗುಂಪು ಎಸ್₅ ತೆಗೆದುಕೊಳ್ಳಿ. ಅದರೊಳಗೆ ಒಂದು ವಸ್ತುವನ್ನು ಕದಲಿಸದ ಎಸ್₄ರ ಆಳ 7. ಐದರ ಚಕ್ರವನ್ನೂ ನಾಲ್ಕರ ಚಕ್ರವನ್ನೂ ಹೊಂದಿದ 20 ಸದಸ್ಯಗಳ ಇನ್ನೊಂದು ಉಪಗುಂಪು ಅಲ್ಲೇ ಇದೆ. ಅದಕ್ಕೆ ಐದು ಅಖಂಡಗಳು, ಎಸ್₅ಗೆ ಏಳು. ಆ ಹನ್ನೆರಡು ಬಿಂದುಗಳನ್ನು ಕಾಗದದ ಮೇಲೆ ಎರಡು ಸಾಲಾಗಿ ಇಟ್ಟು ಗೆರೆ ಎಳೆಯಿರಿ. ಆಳ 5 ಬರಬೇಕು.